ನಿವೃತ್ತ ಶಿಕ್ಷಕನ ಜಮಾಖರ್ಚು

ಈ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದ್ದರು. ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರಾದವರು ಅನೇಕರಿದ್ದಾರೆ. ಪ್ರತಿ ಸಂಚಿಕೆಯಲ್ಲಿಯೂ ಅವು ಬರುತ್ತಲೇ ಇವೆ. ಆದುದರಿಂದ ಅವರ ಕ್ಷಮೆಯನ್ನು ಕೋರಿ, ಇಂಥ ಪುಟಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಒಂದು ವಿಷಯವನ್ನು, ಎಂದರೆ ಸೇವೆಯಿಂದ ನಿವೃತ್ತನಾದ ಶಿಕ್ಷಕನ ಮನೆಯ ಜಮಾಖರ್ಚನ್ನು, ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

2012ರ ಮೇ 31ರಂದು ನಾನು ಸೇವೆಯಿಂದ ಬಿಡುಗಡೆ ಹೊಂದಿದೆ. ನಮ್ಮ ಕಾಲದ ಬಹುಪಾಲು ಶಿಕ್ಷಕರ ಜನ್ಮದಿನ ಜೂನ್ 1 ಆಗಿರುವುದರ ಗುಟ್ಟು ಎಲ್ಲರಿಗೂ ತಿಳಿದದ್ದೇ. ಅದರಿಂದಾಗಿ ಆ ದಿನ ಒಂದೇ ವೇದಿಕೆಯ ಮೇಲೆ ನಾವು ಮೂವರು ಶಾಲು ಹೊದೆದು ಕುಳಿತಿದ್ದೆವು. ಭಾಷಣಕಾರರು ನಮ್ಮನ್ನು ದಾರಿದೀಪಗಳೆಂದು ಕರೆದರು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೂ ಹೋಗಬೇಕಾಗಿಲ್ಲವೆಂಬುದು ತಿಳಿದಾಗ, ಎಣ್ಣೆ ತೀರಿದ ದೀಪ ಎಂಥದೆಂಬುದು ಅರ್ಥವಾಯಿತು.

ಅನಂತರ ನಾವು ಧಾರವಾಡಕ್ಕೆ ಬಂದು ನೆಲೆಸಿದೆವು. ಈ ಊರು ನಿವೃತ್ತರ ಊರೆಂದು ಹೆಸರಾಗಿದೆ. ತಂಪಾದ ಹವೆ, ಗ್ರಂಥಾಲಯಗಳು, ಸಂಜೆಗೊಂದು ಸಂಗೀತವೋ ಉಪನ್ಯಾಸವೋ. ಪೇಡೆಯೂ ಇದೆ, ಆದರೆ ನನ್ನ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಮೀರಿದೆಯೆಂದು ವೈದ್ಯರು ಹೇಳಿದಂದಿನಿಂದ ಅದು ಅತಿಥಿಗಳ ಪಾಲಾಗಿದೆ. ದಿನವೂ ನಡೆಯಿರಿ ಎಂದರು ವೈದ್ಯರು. ನಡೆದರೆ ಮೊಣಕಾಲು ಮುನಿಯುತ್ತಿತ್ತು. ಹಾಗಾದರೆ ಸೈಕಲ್ ತುಳಿಯಬಹುದು, ದೇಹದ ಭಾರವನ್ನು ಆಸನ ಹೊರುವುದರಿಂದ ಮಂಡಿಗೆ ಅಷ್ಟು ತೊಂದರೆಯಿಲ್ಲ ಎಂದು ಅವರೇ ಸೂಚಿಸಿದರು. ವಾರಕ್ಕೆ ನೂರೈವತ್ತು ನಿಮಿಷಗಳ ಮಿತವಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆಯಷ್ಟೆ. ಭಾನುವಾರ ಬಿಟ್ಟರೆ ದಿನಕ್ಕೆ ಇಪ್ಪತ್ತೈದು ನಿಮಿಷ.

ಮೂವತ್ತು ವರ್ಷ ಶಾಲೆಗೆ ತುಳಿದ ನನ್ನ ಅಟ್ಲಾಸ್ ಸೈಕಲ್ ಮನೆಯ ಹಿತ್ತಲಿನಲ್ಲಿಯೇ ಇತ್ತು. (ಆ ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತೆಂಬುದನ್ನು ಓದಿ ಬಂಧುವೊಬ್ಬರ ಮರಣವಾರ್ತೆ ಬಂದಂತಾಗಿತ್ತು.) ಆದರೆ ಅದರ ನಡುವಿನ ದಂಡಿಯ ಮೇಲಿಂದ ಕಾಲೆತ್ತಿ ಹಾಕುವುದು ಎಪ್ಪತ್ತರ ಸಮೀಪದಲ್ಲಿ ಸುಲಭವಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಇಳಿಯಲು ಹೋಗಿ ಸೈಕಲ್ಲಿನೊಡನೆ ನಾನೂ ಬಿದ್ದೆ. ಎಲುಬು ಮುರಿಯಲಿಲ್ಲ, ಅಭಿಮಾನ ಮುರಿಯಿತು. ಆಗ ಮೊಮ್ಮಗಳು ತನ್ನ ಸೈಕಲ್ಲನ್ನು ತಂದು ನಿಲ್ಲಿಸಿದಳು. 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲುಗಳಲ್ಲಿ ಅದೂ ಒಂದು. ದಂಡಿಯಿಲ್ಲದ್ದು, ಮುಂದೆ ಬುಟ್ಟಿಯಿರುವಂಥದು. ಹೆಣ್ಣುಮಕ್ಕಳ ಸೈಕಲ್ ಏರಿ ಹೊರಟ ನಿವೃತ್ತ ಮುಖ್ಯೋಪಾಧ್ಯಾಯನನ್ನು ಕಂಡು ಓಣಿಯವರು ಒಂದು ವಾರ ನಕ್ಕರು. ಅನಂತರ ಓಣಿಯ ಇಬ್ಬರು ಹಿರಿಯರು ತಮ್ಮ ಮೊಮ್ಮಕ್ಕಳ ಸೈಕಲ್ಲುಗಳನ್ನು ಹೊರತೆಗೆದರು. ಈಗ ನಾವು ಮೂವರೂ ಕೆಲಗೇರಿ ಕೆರೆಯವರೆಗೆ ಹೋಗಿ ಬರುತ್ತೇವೆ. ಆಸನವನ್ನು ಎರಡೂ ಕಾಲು ನೆಲಕ್ಕೆ ತಾಗುವಷ್ಟು ಇಳಿಸಿಕೊಂಡಿದ್ದೇವೆ. ಧಾರವಾಡದ ಏರುಗಳಲ್ಲಿ ನಾಚಿಕೆಯಿಲ್ಲದೆ ಇಳಿದು ತಳ್ಳುತ್ತೇವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರ ಅನುಮತಿಯಿಲ್ಲದೆ ನಾನು ಹತ್ತಲಿಲ್ಲ, ಕತ್ತಲಾದ ಮೇಲೆ ಇಂದಿಗೂ ಹತ್ತುವುದಿಲ್ಲ.

ಇನ್ನು ಜಮಾಖರ್ಚಿನ ಮಾತು. ನಮ್ಮದು ಅನುದಾನಿತ ಪ್ರೌಢಶಾಲೆಯಾದುದರಿಂದ ನನಗೆ ಹಳೆಯ ಪದ್ಧತಿಯ ಪಿಂಚಣಿ ದೊರೆಯಿತು. ಎಂದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಮೂರರಲ್ಲೊಂದು ಪಾಲನ್ನು ಪರಿವರ್ತಿಸಿ ಗಂಟಾಗಿ ಪಡೆದು ಮನೆ ಕಟ್ಟಿಸಿದೆ. ಆ ಪಾಲು ಹದಿನೈದು ವರ್ಷಗಳ ಬಳಿಕ, ಎಂದರೆ 2027ರಲ್ಲಿ, ಮತ್ತೆ ಕೂಡಿಕೊಳ್ಳುತ್ತದೆ. ಸೈಕಲ್ ತುಳಿಯಲು ನನಗಿರುವ ಕಾರಣಗಳಲ್ಲಿ ಅದೂ ಒಂದೆಂದು ಶ್ರೀಮತಿಯವರು ಹಾಸ್ಯ ಮಾಡುತ್ತಾರೆ. ಖರ್ಚಿನ ಕಡೆ ನೋಡಿದರೆ, ವಿದ್ಯುತ್ತಿನ ಬಿಲ್ಲು 2023ರಿಂದ ಸೊನ್ನೆ. ಇಬ್ಬರೇ ಇರುವ ಮನೆಯಲ್ಲಿ ಇನ್ನೂರು ಯೂನಿಟ್ಟಿನ ಮಿತಿ ದಾಟುವ ಪ್ರಸಂಗವೇ ಬಾರದು. ಅದೇ ವರ್ಷದಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಶ್ರೀಮತಿಯವರಿಗೆ ಟಿಕೆಟಿಲ್ಲ, ನನಗುಂಟು. ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿಯನ್ನು 2020ರ ಮಾರ್ಚ್ ತಿಂಗಳಲ್ಲಿ ನಿಲ್ಲಿಸಲಾಯಿತು. 2025ರ ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಔಷಧಿಗಳನ್ನು ಜನೌಷಧಿ ಅಂಗಡಿಯಿಂದ ತರುತ್ತೇನೆ. ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತದೆ. ಇದನ್ನು ಬಡಾಯಿಗಾಗಿ ಹೇಳುತ್ತಿಲ್ಲ. ಮುಂದಿನ ಮಾತಿಗೆ ಇದು ಪೀಠಿಕೆ.

ನಮ್ಮ ಸಂಸ್ಥೆಯ ಅನುದಾನರಹಿತ ವಿಭಾಗದಲ್ಲಿ ಹದಿನಾಲ್ಕು ವರ್ಷ ಗಣಿತ ಬೋಧಿಸಿ ಈಚೆಗೆ ಹೊರಬಂದ ಗೆಳೆಯರೊಬ್ಬರು ಮಗಳ ಮದುವೆಯ ಆಮಂತ್ರಣ ಕೊಡಲು ಮನೆಗೆ ಬಂದಿದ್ದರು. ಅದಕ್ಕೆ ಮೊದಲು ಹತ್ತು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಯಾವ ಖಾತೆಯೂ ಇಲ್ಲದೆ ದುಡಿದವರು. ನಿಮಗೆ ಪಿಂಚಣಿ ಎಷ್ಟು ಬರಬಹುದೆಂದು ನಾನು ತಿಳಿಗೇಡಿಯಂತೆ ಕೇಳಿದೆ. ಅವರು ಆಮಂತ್ರಣದ ಲಕೋಟೆಯ ಹಿಂಬದಿಯಲ್ಲಿ, ಕರಿಹಲಗೆಯ ಮೇಲೆ ಬರೆಯುವಂತೆಯೇ, ಲೆಕ್ಕ ಮಾಡಿ ತೋರಿಸಿದರು. ಭವಿಷ್ಯನಿಧಿಯ ಪಿಂಚಣಿ ಯೋಜನೆಯ ಸೂತ್ರದಂತೆ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನ 10,000, ಸೇವೆ 14 ವರ್ಷ; ಬಂದದ್ದು 2,000 ರೂಪಾಯಿ. ಲೆಕ್ಕದ ಕೆಳಗೆ ಎರಡು ಗೆರೆ ಎಳೆದು ಅವರು ನಕ್ಕು, "ಸರ್, ಒಂದನೇ ತಾರೀಖ ಅಂದ್ರ ನಿಮಗ ಪಿಂಚಣಿ ದಿನ, ನನಗ ಬಾಡಿಗಿ ದಿನ" ಎಂದರು. ಆ ಯೋಜನೆಯಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಗೊತ್ತುಪಡಿಸಿದ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ. ರಾಜ್ಯ ಸರ್ಕಾರದ ನಿವೃತ್ತರಿಗೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಕನಿಷ್ಠ ಪಿಂಚಣಿ 13,500. ಒಂದೇ ಆವರಣ, ಒಂದೇ ಪ್ರಾರ್ಥನೆ, ಒಂದೇ ಗಂಟೆ. ಒಬ್ಬನ ಮುಪ್ಪಿಗೆ ಒಂದು ಬೆಲೆ, ಮತ್ತೊಬ್ಬನ ಮುಪ್ಪಿಗೆ ಇನ್ನೊಂದು.

ಅನುದಾನಿತ ವಿಭಾಗದ ಕಿರಿಯರ ಪಾಡೂ ನಿಶ್ಚಿಂತೆಯದಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬಾಗಿಲು ಮುಚ್ಚಿತು. ಅಂಥ ಅನುದಾನಿತ ಶಾಲೆ-ಕಾಲೇಜುಗಳ ನೌಕರರು 2022ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. 2006ರಲ್ಲಿ ಆ ಆದೇಶದ ಸುದ್ದಿ ಸಿಬ್ಬಂದಿ ಕೊಠಡಿಗೆ ಬಂದಾಗ ನಾನು ಹಿರಿಯರಲ್ಲೊಬ್ಬನಾಗಿದ್ದೆ. ಈಗಾಗಲೇ ಸೇವೆಯಲ್ಲಿರುವವರಿಗೆ ಇದು ಅನ್ವಯಿಸದೆಂದು ಖಚಿತಪಡಿಸಿಕೊಂಡೆವು, ಚಹಾ ಕುಡಿದೆವು, ತರಗತಿಗಳಿಗೆ ಹೋದೆವು. ಪಿಂಚಣಿಯೆಂಬುದು ಒಡೆಯನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಕಾರಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ದಿನವನ್ನು ನಿವೃತ್ತರಾದ ನಾವು ಪ್ರತಿ ವರ್ಷ ಹಾರ-ತುರಾಯಿಗಳೊಂದಿಗೆ ಆಚರಿಸುತ್ತೇವೆ. ಆ ಸಭೆಗಳಲ್ಲಿ ನಾವು ಚರ್ಚಿಸುವುದು ನಮ್ಮ ತುಟ್ಟಿಭತ್ಯೆಯ ಬಾಕಿಯನ್ನು ಮಾತ್ರ.

ಸರ್ಕಾರ ಮಾಡಬೇಕಾದುದನ್ನು ಸರ್ಕಾರ ಮಾಡಲಿ. ಅದಕ್ಕಾಗಿ ನಾವೂ ಕಿರಿಯರ ಪಕ್ಕದಲ್ಲಿ ನಿಲ್ಲೋಣ. ಆದರೆ ನಮ್ಮ ಕೈಯಲ್ಲಿರುವುದೂ ಒಂದಿದೆ. ಈ ಸಂಸ್ಥೆಯ ದಾನಿಗಳು ಕೊಠಡಿ ಕಟ್ಟಿಸಿದ್ದಾರೆ, ಕಮಾನು ಕಟ್ಟಿಸಿದ್ದಾರೆ, ಸಭಾಮಂಟಪಕ್ಕೆ ಅಮೃತಶಿಲೆ ಹಾಸಿದ್ದಾರೆ. ಅವರ ಔದಾರ್ಯ ದೊಡ್ಡದು. ಆದರೂ ಕೊಠಡಿಯ ಹೆಸರಿನ ಫಲಕವನ್ನು ಓದುವವರಾರು? ಆ ಕೊಠಡಿಯಲ್ಲಿ ಪಾಠ ಹೇಳಿದವನ ಹೆಸರನ್ನು ಹಳೆಯ ವಿದ್ಯಾರ್ಥಿಗಳು ನಲವತ್ತು ವರ್ಷವಾದರೂ ಮರೆಯುವುದಿಲ್ಲ. ನಮ್ಮ ಪ್ರಸಾದನಿಲಯ ಹಳ್ಳಿಹಳ್ಳಿಯಿಂದ ಬಂದ ಜೋಳದಿಂದ ನಡೆದುಬಂದದ್ದು. ಯಾವ ಹುಡುಗನನ್ನೂ ನಿನ್ನ ಮನೆಯಿಂದ ಎಷ್ಟು ಚೀಲ ಬಂದಿದೆಯೆಂದು ಕೇಳಿ ರೊಟ್ಟಿ ಹಾಕಿದ್ದಿಲ್ಲ. ಊಟಕ್ಕಿರುವ ಆ ದಾಸೋಹ ಊಟದ ಮನೆಯ ಹೊಸ್ತಿಲಲ್ಲಿಯೇ ನಿಲ್ಲಬೇಕೇ? ಪಿಂಚಣಿಯಿಲ್ಲದೆ, ಅಥವಾ ಹೆಸರಿಗಷ್ಟೇ ಪಿಂಚಣಿ ಪಡೆದು, ಹೊರಬರುವ ನಮ್ಮ ಶಿಕ್ಷಕರಿಗಾಗಿ ಒಂದು ಶಾಶ್ವತ ನಿಧಿಯನ್ನು ತೆರೆದು, ಅದರ ಬಡ್ಡಿಯಿಂದ ಔಷಧಿಗೂ ಬಾಡಿಗೆಗೂ ತಿಂಗಳಿಗಿಷ್ಟೆಂದು ಕೊಡಬಹುದು. ಒಮ್ಮೆ ಕೈಹಾಕಿದರೆ ಕೊನೆಯಿಲ್ಲವೆಂದು ಆಡಳಿತದವರು ಹೇಳಬಹುದು. ಶಾಲೆಗೂ ಕೊನೆಯಿಲ್ಲವೆಂದು ತಾನೆ ನಾವು ಇಂಥ ಸಂಚಿಕೆಗಳನ್ನು ಹೊರತರುವುದು!

ಕಳೆದ ತಿಂಗಳು ನನ್ನ ಒಂದು ತಿಂಗಳ ಪಿಂಚಣಿಯನ್ನು ತೆಗೆದುಕೊಂಡು ಸಂಸ್ಥೆಯ ಕಚೇರಿಗೆ ಹೋಗಿದ್ದೆ. ಗುಮಾಸ್ತರು ಆದರದಿಂದ ಕೂಡಿಸಿ, ರಸೀತಿ ಪುಸ್ತಕವನ್ನು ಹಿಂದುಮುಂದು ತಿರುವಿ, ಅಂಥ ಬಾಬತ್ತು ಇದರಲ್ಲಿಲ್ಲವೆಂದರು. "ಕಟ್ಟಡ ನಿಧಿ ಅಂತ ಬರೀಲೇನ್ರಿ ಸರ್?" ಎಂದು ಕೇಳಿದರು. ಬೇಡವೆಂದು ಹೇಳಿ ಹಣವನ್ನು ಮರಳಿ ತಂದಿದ್ದೇನೆ. ಅದು ಗಣಿತದ ಗೆಳೆಯರು ಲೆಕ್ಕ ಬರೆದ ಆ ಲಕೋಟೆಯಲ್ಲಿಯೇ ಇದೆ. ಬಾಬತ್ತು ತೆರೆದ ದಿನ ತಿಳಿಸಿದರೆ ತಂದು ಕಟ್ಟುತ್ತೇನೆ.