ಬ್ಯಾಂಕಾಕ್ ಟಿಕೆಟ್ಟಿಗೆ ಮೊದಲು ಬಿಪಿ ತಪಾಸಣೆ

ಗಡಿ ದಾಟಿ ದವಾಖಾನೆಗೆ ಹೋಗುವುದು ವಿಜಯಪುರ ಜಿಲ್ಲೆಯ ಕನಮಡಿಯವರಿಗೆ ಹೊಸದಲ್ಲ. ಊರಿನಾಚೆ ಮಹಾರಾಷ್ಟ್ರದ ಜತ್ತ ತಾಲ್ಲೂಕು, ಅದರ ಮುಂದೆ ಮಿರಜ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ದೊಡ್ಡ ಕಾಯಿಲೆ ಬಂದರೆ ಗಡಿಯ ಈಚೆಯ ಕನ್ನಡದ ಮಂದಿಯೂ ಆ ಕಡೆ ಮುಖ ಮಾಡುವುದು ರೂಢಿಯಾಯಿತು. ವಿಜಯಪುರದಲ್ಲಿ ಬಿಎಲ್‌ಡಿಇ, ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಬಂದ ಮೇಲೂ ಮಿರಜ, ಸೊಲ್ಲಾಪುರದ ನಂಟು ಕಡಿದಿಲ್ಲ. ಅಲ್ಲಿ ಮಾತು ತಿಳಿಯುತ್ತದೆ, ಬೀಗರ ಮನೆ ಇರುತ್ತದೆ, ರೊಕ್ಕ ಕಡಿಮೆ ಬಿದ್ದರೆ ಒಂದು ಫೋನಿಗೆ ಯಾರಾದರೂ ಕಳಿಸುತ್ತಾರೆ.

ಅದೇ ಧೈರ್ಯವನ್ನು ಜನ ಈಗ ಬ್ಯಾಂಕಾಕ್, ದುಬೈಗೂ ಒಯ್ಯುತ್ತಿದ್ದಾರೆ. ಅಲ್ಲಿ ಅದು ನಡೆಯುವುದಿಲ್ಲ.

ತಿಕೋಟಾ, ಬಬಲೇಶ್ವರ ಭಾಗ ದ್ರಾಕ್ಷಿಯ ನೆಲ. ಮಣೂಕಕ್ಕೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮದುವೆ, ಮನೆ ಕಟ್ಟುವುದು, ಹೊಸ ಗಾಡಿಯ ಜತೆಗೆ ವಿದೇಶ ಪ್ರವಾಸದ ಮಾತೂ ಬರುತ್ತದೆ. ಗುರಿ ಮುಟ್ಟಿದ ಅಂಗಡಿಕಾರರನ್ನು ಗೊಬ್ಬರ, ಔಷಧ ಕಂಪನಿಗಳು ಹೊರದೇಶಕ್ಕೆ ಕರೆದೊಯ್ಯುವುದುಂಟು. ಒಮ್ಮೆ ನೋಡಿ ಬಂದವರಿಗೆ ಹೆಂಡತಿ ಮಕ್ಕಳಿಗೂ, ವಯಸ್ಸಾದ ಅಪ್ಪ ಅವ್ವನಿಗೂ ತೋರಿಸಬೇಕೆಂಬ ಆಸೆ ಹುಟ್ಟುತ್ತದೆ. ಬಹಳ ಒಳ್ಳೆಯ ಆಸೆ ಅದು. 2023ರ ನವೆಂಬರ್ 10ರಿಂದ ಥಾಯ್ಲೆಂಡ್, ಡಿಸೆಂಬರ್ 1ರಿಂದ ಮಲೇಷ್ಯಾ ಭಾರತೀಯ ಪ್ರವಾಸಿಗರನ್ನು ವೀಸಾ ಇಲ್ಲದೆ ಒಳಗೆ ಬಿಟ್ಟುಕೊಂಡ ಮೇಲೆ ದಾರಿ ಇನ್ನೂ ಸಲೀಸಾಯಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸುದ್ದಿ ಕನ್ನಡಿಗರಿಗೆ ಮರೆತಿರಲಾರದು. ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಪ್ರವಾಸಕ್ಕೆ ಹೋದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಐವತ್ತೂ ತುಂಬದ ಹೆಣ್ಣುಮಗಳು. ಬೆಂಗಳೂರಿನ ಹರಿಶ್ಚಂದ್ರ ಘಾಟ್‌ನಲ್ಲಿ ಅಂತ್ಯಕ್ರಿಯೆ ನಡೆದದ್ದು ಆಗಸ್ಟ್ 9ರಂದು. ನಾಡಿಗೆಲ್ಲ ಪರಿಚಯವಿದ್ದ ಆ ಮನೆಯವರೂ ಪಾರ್ಥಿವ ಶರೀರಕ್ಕಾಗಿ ದಿನಗಟ್ಟಲೆ ಕಾಯಬೇಕಾಯಿತು. ಯಾರ ತಪ್ಪಿನಿಂದಲೂ ಅಲ್ಲ, ವ್ಯವಸ್ಥೆ ಇರುವುದೇ ಹಾಗೆ. ಸ್ಥಳೀಯ ಮರಣಪತ್ರ, ಪೊಲೀಸರ ಕಾಗದ, ಶವ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್ ಎಲ್ಲ ಕೂಡಿದ ಮೇಲೆಯೇ ವಿಮಾನ. ಭಾರತದ ಕಡೆಯ ಅನುಮತಿ ಬೇಗ ಸಿಗಲೆಂದು ಕೇಂದ್ರ ಆರೋಗ್ಯ ಸಚಿವಾಲಯ ಅದೇ ತಿಂಗಳು ‘ಇ-ಕೇರ್’ ಪೋರ್ಟಲ್ ತೆರೆದಿತ್ತು. ಇಂಗ್ಲಿಷ್ ಸರಾಗವಾಗಿ ಬಾರದ, ಬ್ಯಾಂಕಾಕ್‌ನಲ್ಲಿ ಒಬ್ಬರೂ ಗೊತ್ತಿಲ್ಲದ ಹಳ್ಳಿಯ ಕುಟುಂಬ ಈ ಕಾಗದಗಳ ಹಿಂದೆ ಓಡಾಡುವುದನ್ನು ಊಹಿಸಿಕೊಂಡರೂ ಎದೆ ಝಲ್ಲೆನ್ನುತ್ತದೆ.

ಎಲ್ಲವನ್ನೂ ತಡೆಯಲಾಗದು, ನಿಜ. ಆದರೆ ಇದೇ ದೇಶದಲ್ಲಿ ಕೆಲವು ಪ್ರಯಾಣಿಕರಿಗೆ ಎಷ್ಟು ಮುನ್ನೆಚ್ಚರಿಕೆ ಇದೆ ನೋಡಿ. ವಿದೇಶಾಂಗ ಸಚಿವಾಲಯ ನಡೆಸುವ ಕೈಲಾಸ ಮಾನಸಸರೋವರ ಯಾತ್ರೆಗೆ 18ರಿಂದ 70 ವರ್ಷದವರಿಗಷ್ಟೇ ಅವಕಾಶ. ಎತ್ತರಕ್ಕೆ ತಕ್ಕ ತೂಕ ಇರಬೇಕು, ದೆಹಲಿಯಲ್ಲಿ ಹೃದಯ, ಶ್ವಾಸಕೋಶದ ಪರೀಕ್ಷೆ ಪಾಸಾಗಬೇಕು. ಬಿಪಿ ಏರಿದ್ದರೆ ಮುಲಾಜಿಲ್ಲದೆ ವಾಪಸ್. ಹಜ್‌ಗೆ ಹೊರಟವರಿಗೆ ವೈದ್ಯರ ಅರ್ಹತಾಪತ್ರ ಬೇಕು, ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಅವರಿಗಾಗಿಯೇ ತರಬೇತಿ, ಲಸಿಕೆ ಶಿಬಿರಗಳು ನಡೆಯುತ್ತವೆ. 2024ರ ಹಜ್ ವೇಳೆ ಮೆಕ್ಕಾದ ಮಹಾ ಮಸೀದಿಯ ಬಳಿ ಬಿಸಿಲು 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, 1,301 ಮಂದಿ ಸತ್ತರು. ಅವರಲ್ಲಿ ಶೇ 83ರಷ್ಟು ಮಂದಿ ಪರವಾನಗಿ ಇಲ್ಲದೆ, ನೆರಳಿಲ್ಲದೆ ದೂರ ನಡೆದವರು ಎಂದು ಸೌದಿ ಸರ್ಕಾರವೇ ಹೇಳಿತು. ವ್ಯವಸ್ಥೆಯ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಇರುವ ಅಂತರ ಇಷ್ಟು ದೊಡ್ಡದು.

ಮೋಜಿನ ಪ್ರವಾಸಕ್ಕೆ ಹೊರಟ ಕುಟುಂಬವನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಯುರೋಪಿನ ಷೆಂಗೆನ್ ವೀಸಾಕ್ಕಾದರೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ತೋರಿಸಲೇಬೇಕು, ಶವ ಊರಿಗೆ ತರುವ ಖರ್ಚೂ ಅದರಲ್ಲಿ ಸೇರಿರಬೇಕು. ವೀಸಾ ಕೇಳದ ದೇಶಕ್ಕೆ ಹೋಗುವಾಗ ಈ ಒತ್ತಾಯವಿಲ್ಲ, ಹಾಗಾಗಿ ಟಿಕೆಟ್ಟಿನಲ್ಲಿ ನಾಲ್ಕು ಕಾಸು ಉಳಿಸುವವರು ಮೊದಲು ಕೈಬಿಡುವುದು ವಿಮೆಯನ್ನೇ. ಆಯುಷ್ಮಾನ್ ಕಾರ್ಡ್ ದೇಶದಾಚೆ ನಡೆಯದು. ಊರಿನ ಆರೋಗ್ಯ ವಿಮೆಗಳಲ್ಲಿ ಬಹಳಷ್ಟರದ್ದೂ ಇದೇ ಕತೆ. ವಿಮೆ ಮಾಡಿಸಿದವರೂ ಅಪ್ಪನ ಸಕ್ಕರೆ ಕಾಯಿಲೆ, ಅವ್ವನ ಬಿಪಿಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಹಣ ಸಿಗುವ ಭರವಸೆ ಅಲ್ಲಿಗೇ ಮುಗಿಯಿತು. ಕಂತು ಸ್ವಲ್ಪ ಹೆಚ್ಚಾದೀತೆಂದು ಹೀಗೆ ಮುಚ್ಚಿಡುವುದು ಹಿರಿಯರನ್ನು ಕೈಬಿಟ್ಟಂತೆಯೇ ಸರಿ.

ದಣಿವು ಊರಲ್ಲೇ ಶುರುವಾಗುತ್ತದೆ. ವಿಜಯಪುರದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರ್ ಮೀರಿದ ರಾತ್ರಿ ಬಸ್ಸು, ಆಮೇಲೆ ವಿಮಾನ ನಿಲ್ದಾಣದ ಸಾಲು, ಆಮೇಲೆ ಆಕಾಶದಲ್ಲಿ ನಾಲ್ಕು ತಾಸು. ಒಂದೇ ಕಡೆ ನಾಲ್ಕು ತಾಸಿಗೂ ಹೆಚ್ಚು ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಬಸ್ಸು, ರೈಲಿಗೂ ಈ ಮಾತು ಅನ್ವಯ. ಒಟ್ಟಾರೆ ಅಪಾಯ ಸಣ್ಣದೇ, ಆದರೆ ದಪ್ಪ ಮೈಯವರಿಗೆ, ಮೊದಲೊಮ್ಮೆ ಹೆಪ್ಪುಗಟ್ಟಿದವರಿಗೆ ಅದು ಹೆಚ್ಚು. ಬೆಂಗಳೂರಿನಲ್ಲಿ ಒಂದು ದಿನ ತಂಗಿ ಹೋಗುವುದು ದುಂದಲ್ಲ.

ಗುಳಿಗೆಗಳ ವಿಷಯವೂ ಇದೆ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜತೆ ಔಷಧದ ಮೂಲ ಹೆಸರೂ ಇದ್ದರೆ ಅಲ್ಲಿನ ವೈದ್ಯರಿಗೆ ತಿಳಿಯುತ್ತದೆ. ಇಲ್ಲಿ ನೋವಿಗೆ ಬರೆದುಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್ ದುಬೈಗೆ ಒಯ್ಯಲು ಮುಂಚಿತ ಅನುಮತಿ ಬೇಕು. ಗಸಗಸೆಯಂತೂ ಅಲ್ಲಿ ನಿಷಿದ್ಧ, ಅದನ್ನು ಉದುರಿಸಿದ ಅನಾರಸ ಊರಲ್ಲೇ ಇರಲಿ. 108ರ ನೆನಪೂ ಅಲ್ಲಿ ಉಪಯೋಗಕ್ಕೆ ಬಾರದು: ಆಂಬುಲೆನ್ಸಿಗೆ ಥಾಯ್ಲೆಂಡ್‌ನಲ್ಲಿ 1669, ದುಬೈಯಲ್ಲಿ 998.

ಇದನ್ನೆಲ್ಲ ಒಂದೊಂದು ಮನೆಯವರೂ ತಾವೇ ಹುಡುಕಿಕೊಳ್ಳಲಿ ಎನ್ನುವುದು ಅನ್ಯಾಯ. ಟೂರ್ ಕಂಪನಿಗಳು ವಿಮೆ ಇಲ್ಲದೆ ಅರವತ್ತು ದಾಟಿದವರ ಬುಕಿಂಗ್ ತೆಗೆದುಕೊಳ್ಳಬಾರದು. ಸರ್ಕಾರ ಅದನ್ನು ನಿಯಮವಾಗಿಸಲಿ. ಹಜ್ ಯಾತ್ರಿಕರಿಗೆ ಲಸಿಕೆ ಹಾಕಿ, ತಪಾಸಣೆ ಮಾಡಿ ಕಳಿಸುವ ಅನುಭವ ಆರೋಗ್ಯ ಇಲಾಖೆಗೆ ಆಗಲೇ ಇದೆ. ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹೊರದೇಶಕ್ಕೆ ಹೊರಟವರಿಗಾಗಿ ಒಂದು ಕೊಠಡಿ ಮೀಸಲಿಟ್ಟರೆ ಬಿಪಿ, ಸಕ್ಕರೆ, ಇಸಿಜಿ, ಚೀಟಿ ಎಲ್ಲ ಒಂದೇ ಬೆಳಗ್ಗೆ ಮುಗಿಯುತ್ತದೆ. ಮಣೂಕದ ವ್ಯಾಪಾರ ಮುಗಿದು ಜನ ಟಿಕೆಟ್ ತೆಗೆಸುವ ಹೊತ್ತಿಗೆ ಆ ಕೊಠಡಿಯ ಬಾಗಿಲು ತೆರೆದಿರಬೇಕು.