ಹೆಣದ ಗಾಡಿ ಮತ್ತು ‘ನೀರ್ ದೋಸೆ’

ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ ಬರೋ ಹೊತ್ತಿಗೆ ನಾನು ರೊಟ್ಟಿ ಬಡಿಯೋದು ಬಿಟ್ಟು ಟಿವಿ ಮುಂದ ಕುಂದರತಿದ್ದೆ. 2012ರ ‘ಸಿದ್ಲಿಂಗು’ ನೋಡಿ ನಕ್ಕೀನಿ, ಅತ್ತೀನಿ. ಅದಕ್ಕ ಅವರದೇ ‘ನೀರ್ ದೋಸೆ’ (2016) ಮ್ಯಾಲ ಭಾಳ ಆಸೆ ಇತ್ತು. ಮೊನ್ನೆ ಸೊಸಿ ಮೊಬೈಲಿನ್ಯಾಗ ಹಚ್ಚಿಕೊಟ್ಟಳು.

ಅದರಾಗ ಜಗ್ಗೇಶ್ ಹೆಣದ ಗಾಡಿ ಡ್ರೈವರ್. ನನಗ ನಮ್ಮಣ್ಣನ ನೆನಪಾತು. ರಾಯಚೂರಿನಿಂದ ಅವನ್ನ ತರೂ ರಾತ್ರಿ, ಸಿಂಧನೂರು ದಾಟಿ ಕ್ಯಾಂಪಿನ ದಾರ್‍ಯಾಗ, “ತಗ್ಗು ಐತಿ, ಸಾವಕಾಶ ಹೊಡಿಯಪ್ಪ, ಅಣ್ಣಗ ಪೆಟ್ಟಾದೀತು” ಅಂದೆ. “ಅಕ್ಕಾ, ಅವರು ಸುಮ್ನ ಅದಾರ, ನೀವೇ ಬೈಯಾಕತ್ತೀರಿ” ಅಂದ ಡ್ರೈವರ್. ನಕ್ಕುಬಿಟ್ಟೆ. ಅಲ್ಲೀತನ ಬರದಿದ್ದ ಅಳು ಆಗ ಬಂತು.

ಅಂಥಾ ನಗಿ ಸಿಕ್ಕೀತು ಅಂತ ಕಡೀತನ ಕಾದೆ. ಮಾತಿಗೊಂದು ಎರಡರ್ಥ. ನಾಚಿಕಿ ಅಲ್ರೀ, ಮದುವ್ಯಾಗ ಬೀಗರಿಗೆ ನಾವು ಹಾಡೋದು ಕೇಳೀರಲ್ಲ! ಬಾಜೂಮನಿ ಬಂಗಾಲಿ ಕಾಕಿಗೆ ಅರ್ಥ ಹೇಳಾಕ ಹೋಗಿ ನಾನೇ ನಕ್ಕು ಸಾಕಾಗಿತ್ತು. ಆದ್ರ ಅಲ್ಲಿ ಬೀಗತಿ ತಿರುಗಿ ಹಾಡತಾಳ. ಇಲ್ಲಿ ಹರಿಪ್ರಿಯಾಂದು ಮೈ ಮಾರಿ ಬದುಕೋ ಹೆಣ್ಣಿನ ಪಾತ್ರ. ಆಕಿ ಸಂಕಟ ಮನಸಿಗೆ ಇಳಿಯೋದ್ರಾಗ ಇನ್ನೊಂದು ಜೋಕು ಬಂದು ಬೀಳತೈತಿ.

ಜಗ್ಗೇಶ್, ದತ್ತಣ್ಣ ಚಲೋ ಮಾಡ್ಯಾರ, ಇಲ್ಲ ಅನ್ನಂಗಿಲ್ಲ. ‘ಸಿದ್ಲಿಂಗು’ ಇನ್ನೊಮ್ಮೆ ಹಚ್ಚವಾ ಅಂತ ಸೊಸಿಗೆ ಹೇಳೀನಿ.