‘ಅಯೋಗ್ಯ’ ನೆಲ, ‘ಅನರ್ಹ’ ಜನ

ಕನ್ನಡದಲ್ಲಿ ‘ಅಯೋಗ್ಯ’ ಎಂದರೆ ಬೈಗುಳ. ಮಣ್ಣಿನ ಸರ್ವೆಯ ವರದಿಗಳಲ್ಲಿ ಅದೇ ಪದ ಒಂದು ವರ್ಗದ ಹೆಸರು: ‘ಬೇಸಾಯಕ್ಕೆ ಅಯೋಗ್ಯ’. ಬೈಗುಳ ಒಂದು ತೀರ್ಪು. ವರದಿಯ ಮಾತಿಗೆ ಮಾತ್ರ ಒಂದು ಷರತ್ತಿದೆ: ಬೇಸಾಯಕ್ಕೆ ಆಗದು, ಬೇರೆ ಯಾವುದಕ್ಕಾದರೂ ಆದೀತು. ಕಡತದಿಂದ ಕಡತಕ್ಕೆ ಓಡಾಡುವಾಗ ಆ ‘ಬೇಸಾಯಕ್ಕೆ’ ಎಂಬ ಚತುರ್ಥಿ ಉದುರಿಹೋಗುತ್ತದೆ, ‘ಅಯೋಗ್ಯ’ ಮಾತ್ರ ಉಳಿಯುತ್ತದೆ. ಮುಂಬಯಿಯ ಧಾರಾವಿಯಲ್ಲಿ ಈಗ ನಡೆಯುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಈ ಉದುರಿದ ಪದದಿಂದಲೇ ಶುರು ಮಾಡಬೇಕು.

ಮಣ್ಣಿಗೆ ದರ್ಜೆ ಕೊಡುವುದು ಹಳೆಯ ಮುಂಬಯಿ ಪ್ರಾಂತ್ಯಕ್ಕೆ ಹೊಸ ಕೆಲಸವೇನಲ್ಲ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಸರ್ವೆ ಪದ್ಧತಿ 1847ರ ಜಂಟಿ ವರದಿಯಲ್ಲಿ ಗಟ್ಟಿಯಾಯಿತು. ಧಾರವಾಡ ಸೀಮೆಯ ಹೊಲಗಳೂ ಈ ಪದ್ಧತಿಗೆ ಒಳಪಟ್ಟವು. ಮಣ್ಣಿನ ಬಣ್ಣ ಮತ್ತು ಆಳ ನೋಡಿ ಒಂಬತ್ತು ದರ್ಜೆ ಮಾಡುತ್ತಿದ್ದರು. ಮೇಲಿನದು 16 ಆಣೆ, ಕೆಳಗಿನದು 2 ಆಣೆ. ಸುಣ್ಣದ ಹರಳು, ಮರಳು, ಇಳಿಜಾರು, ನಿಲ್ಲುವ ನೀರು ಇಂಥ ದೋಷಗಳಿದ್ದರೆ ಒಂದೊಂದಕ್ಕೂ ದರ್ಜೆ ಇಳಿಯುತ್ತಿತ್ತು. ಉದ್ದೇಶ ಕಂದಾಯ ವಸೂಲಿ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಪದ್ಧತಿಯ ಒಂದು ಗುಣವನ್ನು ಒಪ್ಪಬೇಕು: ಪ್ರತಿ ದೋಷಕ್ಕೂ ಒಂದು ಗುರುತಿತ್ತು, ಅದನ್ನು ಹೊಲದ ನಕ್ಷೆಯಲ್ಲಿ ಚೌಕ ಚೌಕವಾಗಿ ನಮೂದಿಸುತ್ತಿದ್ದರು. ಆಣೆ ಏಕೆ ಇಳಿಯಿತು ಎಂಬುದು ಕಾಗದದ ಮೇಲೆ ಕಾಣುತ್ತಿತ್ತು.

1961ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ, ಭಾರತದ ಮಣ್ಣು ಸರ್ವೆಗಳೂ ಬಳಸುವ ಎಂಟು ದರ್ಜೆಗಳ ಪದ್ಧತಿಯಲ್ಲೂ ಇದೇ ಶಿಸ್ತಿದೆ. ಮೊದಲ ನಾಲ್ಕು ದರ್ಜೆ ಉಳುಮೆಗೆ, ಉಳಿದ ನಾಲ್ಕು ಹುಲ್ಲುಗಾವಲು, ಕಾಡು, ವನ್ಯಜೀವಿಗಳಿಗೆ. ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ. ತೊಂದರೆ ಇರುವುದು ಸವಕಳಿಯದೋ, ನೀರಿನದೋ, ಮಣ್ಣಿನದೋ, ಹವೆಯದೋ ಎಂಬುದನ್ನು ಅದು ಹೇಳುತ್ತದೆ. ಕಾರಣ ತಿಳಿದರೆ ಪರಿಹಾರವೂ ತಿಳಿಯುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವಳು-ಜವಳಾದ ಹೊಲದಲ್ಲಿ ಬಸಿಗಾಲುವೆ ತೆಗೆದರೆ ಅದೇ ನೆಲ ಮತ್ತೆ ಬೆಳೆ ಕೊಡುತ್ತದೆ.

ಈ ಅಳತೆಗೋಲನ್ನು ಹಳೆಯ ಧಾರಾವಿಗೆ ಹಿಡಿದರೆ ಅದು ಕೊನೆಯ ದರ್ಜೆಗೇ ಬೀಳುತ್ತಿತ್ತು. ಮಾಹಿಮ್ ಖಾರಿಯ ಉಬ್ಬರದ ನೀರು ನುಗ್ಗುವ ಉಪ್ಪು ಜೌಗು ಅದು. ಕೋಳಿ ಮೀನುಗಾರರಿಗೆ ಅದೇ ಅನ್ನದ ನೆಲ. ಊರಿಗೆ ಬೇಡವಾದ ಚರ್ಮ ಹದ ಮಾಡುವ ಕೆಲಸ 19ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂತು, 1930ರ ದಶಕದಲ್ಲಿ ಸೌರಾಷ್ಟ್ರ ಮೂಲದ ಕುಂಬಾರರು ಬಂದರು. ತಿರುನೆಲ್ವೇಲಿಯವರು, ಉತ್ತರ ಪ್ರದೇಶದವರು, ಉತ್ತರ ಕರ್ನಾಟಕದವರು ಬಂದರು. ಕಸ, ಕಲ್ಲು, ಮಣ್ಣು ಸುರಿದು ಜೌಗನ್ನು ತುಂಬಿ ಅದರ ಮೇಲೆ ಮನೆ ಕಟ್ಟಿಕೊಂಡರು. ದರ್ಜೆಯನ್ನು ಮೇಲಕ್ಕೆತ್ತಿದ್ದು ಅವರ ಬೆವರು. ಮೀಠಿ ನದಿಯ ಆಚೆಗಿನ ಬಾಂದ್ರಾ-ಕುರ್ಲಾ ಸಂಕೀರ್ಣವೂ ಅಂಥದೇ ಜೌಗಿನ ಮೇಲೆ ನಿಂತಿದೆ. ಒಂದು ದಡದಲ್ಲಿ ಬ್ಯಾಂಕುಗಳು ಎದ್ದವು, ಇನ್ನೊಂದರಲ್ಲಿ ಕೊಳೆಗೇರಿ ಎಂಬ ಹೆಸರು ಬಂತು. ಈ ವ್ಯತ್ಯಾಸಕ್ಕೆ ಮಣ್ಣು ಕಾರಣವಲ್ಲ.

ಸುಮಾರು 600 ಎಕರೆಯ ಈ ನೆಲದ ಮರುಅಭಿವೃದ್ಧಿಯ ಗುತ್ತಿಗೆಯ ಹರಾಜಿನಲ್ಲಿ 2022ರಲ್ಲಿ ಅದಾನಿ ಸಮೂಹ ಗೆದ್ದಿತು. ಈಗ ದರ್ಜೆ ಕೊಡುತ್ತಿರುವುದು ಮನುಷ್ಯರಿಗೆ. 2000ದ ಜನವರಿ 1ಕ್ಕಿಂತ ಮೊದಲು ನೆಲಮಹಡಿಯಲ್ಲಿ ಮನೆ ಇದ್ದವರು ‘ಅರ್ಹರು’, ಅವರಿಗೆ ಧಾರಾವಿಯಲ್ಲೇ ಉಚಿತ ಮನೆ. ಆಮೇಲೆ ಬಂದವರಿಗೆ, ಮಹಡಿಯ ಮೇಲಿನವರಿಗೆ ಧಾರಾವಿಯ ಹೊರಗೆ ಮನೆ, ಅದೂ ಹಣ ಕೊಟ್ಟು. ಆ ಹೊರಗಿನ ಜಾಗ ಯಾವುದು? 2024ರಲ್ಲಿ ಒಪ್ಪಿಗೆ ಸಿಕ್ಕ ಜಾಗಗಳಲ್ಲಿ ಕಾಂಜುರ್‌ಮಾರ್ಗ್, ಭಾಂಡುಪ್, ಮುಲುಂಡ್‌ಗಳ 255.9 ಎಕರೆ ಉಪ್ಪಿನ ಆಗರಗಳಿವೆ, ದೇವನಾರ್ ಕಸದ ರಾಶಿಯ 124 ಎಕರೆ ಇದೆ. ಕೆಳ ದರ್ಜೆಯ ಜನರಿಗೆ ಕೆಳ ದರ್ಜೆಯ ನೆಲ ಹೊಂದಿಸಿ ಕೊಟ್ಟ ಹಾಗಿದೆ.

ಯೋಜನೆಯ ಪರವಾಗಿ ಹೇಳುವ ಮಾತಿನಲ್ಲೂ ತೂಕವಿದೆ. ಮುಂಬಯಿಯಲ್ಲಿ ಖಾಲಿ ನೆಲ ಸಿಗುವುದು ಕಷ್ಟ. ಆಗರಗಳಿಗೂ ಖಾರಿಗೂ ನಡುವೆ ಹೆದ್ದಾರಿ ಬಂದಿದೆ, ಅಲ್ಲಿಗೆ ಈಗ ಕಡಲ ನೀರು ಬರುವುದಿಲ್ಲ ಎನ್ನುತ್ತಾರೆ. ದೇವನಾರ್ ರಾಶಿಯನ್ನು ತೆರವು ಮಾಡುವ ಕೆಲಸಕ್ಕೆ ಪಾಲಿಕೆ ಕೈಹಾಕಿದೆ. ಇನ್ನೊಂದು ಕಡೆ, ಪರಿಸರದ ಹೆಸರಿನಲ್ಲಿ ವಿರೋಧಿಸುವ ಎಲ್ಲರ ಚಿಂತೆಯೂ ಪರಿಸರದ್ದೇ ಎಂದು ನಂಬಬೇಕಿಲ್ಲ. ಧಾರಾವಿಯ ಜನ ತಮ್ಮ ಪಕ್ಕಕ್ಕೆ ಬರುವುದು ಬೇಡ ಎಂಬುದೂ ಅದರಲ್ಲಿ ಸೇರಿಕೊಂಡಿರುತ್ತದೆ.

ಹಾಗಾಗಿಯೇ ಅಂಕಿಯ ಪಕ್ಕದ ಅಕ್ಷರ ಬೇಕು. ಈ ನೆಲದ ದೋಷ ಯಾವುದು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ಉಕ್ಕಿತ್ತು. ಅಂಥ ಮಳೆ ಮತ್ತೆ ಬಂದರೆ, ಇಷ್ಟು ದಿನ ಆಗರಗಳಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗುತ್ತದೆ? ದೇವನಾರ್ ರಾಶಿಗೆ 2016ರಲ್ಲಿ ಬೆಂಕಿ ಬಿದ್ದು ಹೊಗೆ ದಿನಗಟ್ಟಲೆ ಊರನ್ನು ಮುಸುಕಿತ್ತು. ಕಸ ತೆಗೆದ ಮೇಲೆ ಅಡಿಯ ಮಣ್ಣಿನಲ್ಲಿ, ನೀರಿನಲ್ಲಿ ಏನು ಉಳಿದಿರುತ್ತದೆ? ಪರೀಕ್ಷೆ ಮಾಡಿ ಚೌಕ ಚೌಕವಾಗಿ ಬರೆದು, ಅಲ್ಲಿಗೆ ಹೋಗಬೇಕಾದವರ ಕೈಗೆ ಅವರ ಭಾಷೆಯಲ್ಲೇ ಕೊಡಬೇಕು. ಮರಾಠಿ, ತಮಿಳು, ಹಿಂದಿ, ಉರ್ದು, ಗುಜರಾತಿ, ಕನ್ನಡ, ಧಾರಾವಿಗೆ ಇವೆಲ್ಲ ಬೇಕು. ನೆಲಕ್ಕೆ ದೋಷವಿದ್ದರೆ ಸರಿಪಡಿಸುವ ಖರ್ಚು ಯಾರದು ಎಂಬುದೂ ಅದೇ ಕಾಗದದಲ್ಲಿ ಇರಬೇಕು. ಕಳೆದ ಸಲ ಜೌಗು ತುಂಬಿದ ಖರ್ಚನ್ನು ಅಲ್ಲಿ ಬದುಕಿದವರೇ ಭರಿಸಿದ್ದರು.

ಕಂದಾಯಕ್ಕಾಗಿ ಮಣ್ಣು ಅಗೆದ ಕಂಪನಿ ಸರ್ಕಾರವೂ ಆಣೆ ಇಳಿಸಿದ ಕಾರಣವನ್ನು ಬರೆದಿಟ್ಟಿತು. ಮನೆ ಕೊಡುತ್ತೇವೆ ಎನ್ನುವ ಸರ್ಕಾರ ಅಷ್ಟನ್ನಾದರೂ ಮಾಡಲಿ.